ಇಪ್ಪತ್ತೊಂಬತ್ತನೇ ಕೈ

ನಗರಸಭೆಯ ಕಚೇರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ನಡಾವಳಿಯಮ್ಮ. ಸಭೆಯಲ್ಲಿ ಯಾರು ಏನು ಹೇಳಿದರು, ಎಷ್ಟು ಜನ ಕೈ ಎತ್ತಿದರು, ಕೊನೆಗೆ ಏನು ತೀರ್ಮಾನವಾಯಿತು ಎಂದು ಬರೆದಿಡುವ ದಪ್ಪ ಪುಸ್ತಕಕ್ಕೆ ನಡಾವಳಿ ಎನ್ನುತ್ತಾರಲ್ಲ, ಇಪ್ಪತ್ತಾರು ವರ್ಷಗಳಿಂದ ಅದು ಅವಳ ಅಕ್ಷರದಲ್ಲೇ ಇತ್ತು. ಅಷ್ಟರಲ್ಲಿ ಏಳು ಅಧ್ಯಕ್ಷರು ಬಂದು ಹೋದರು, ಸಭಾಂಗಣದ ಫ್ಯಾನುಗಳು ಎರಡು ಸಲ ಬದಲಾದವು, ಕುರ್ಚಿಗಳ ಬಟ್ಟೆ ಹಸಿರಿದ್ದದ್ದು ಕೆಂಪಾಯಿತು. ಬದಲಾಗದೆ ಉಳಿದದ್ದು ಎರಡೇ: ಅವಳ ದುಂಡು ಅಕ್ಷರ ಮತ್ತು ಸದಸ್ಯರ ಕೂಗಾಟ.

ಕೈಗಳನ್ನು ಎಣಿಸುವ ಕೆಲಸವೂ ಅವಳದೇ. ಗುಂಡಿ ಒತ್ತಿ ಮತ ಹಾಕುವ ಯಂತ್ರವನ್ನು ಒಮ್ಮೆ ತಂದಿದ್ದರು. ಮೊದಲ ದಿನವೇ ಅದು ರಜೆಯಲ್ಲಿದ್ದವರ ಮತವನ್ನೂ ತೋರಿಸಿದ್ದರಿಂದ ಕಪಾಟು ಸೇರಿತು. ಮತ್ತೆ ನಡಾವಳಿಯಮ್ಮ ಸಾಲುಗಳ ನಡುವೆ ನಡೆಯುತ್ತ, ಹೆಬ್ಬೆರಳನ್ನು ಬೆರಳುಗೆರೆಗಳ ಮೇಲೆ ಓಡಿಸುತ್ತ ಎಣಿಸತೊಡಗಿದಳು. ಅವಳದೊಂದು ಕಟ್ಟಪ್ಪಣೆ ಇತ್ತು, ತನಗೆ ತಾನೇ ಹಾಕಿಕೊಂಡದ್ದು: ಎಣಿಸುವಾಗ ಅಂಗೈಗಳನ್ನು ಮಾತ್ರ ನೋಡಬೇಕು, ಮುಖಗಳನ್ನು ನೋಡಬಾರದು. ಮುಖ ನೋಡಿದರೆ ಮನಸ್ಸು ಪಕ್ಷ ಹಿಡಿಯುತ್ತದೆ ಎಂಬುದು ಅವಳ ವಾದ. ಕೇಳಲು ಚೆನ್ನಾಗಿಯೇ ಇದೆ. ಅವಳಿಗೆ ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತೆಂದು ಹೇಳಿದರೆ ಸುಳ್ಳಾಗದು. ಇಷ್ಟು ವರ್ಷಗಳಲ್ಲಿ ಅವಳ ಲೆಕ್ಕವನ್ನು ಯಾರೂ ಪ್ರಶ್ನಿಸಿರಲಿಲ್ಲ.

ಮನೆಯಲ್ಲಿ ಅವಳೂ ನಾದಿನಿಯೂ ಇಬ್ಬರೇ. ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅವನು ಹೋದ ಮೇಲೆ ಅವನ ತಂಗಿ ಒಂದು ಟ್ರಂಕು ಹಿಡಿದುಕೊಂಡು ಬಂದವಳು, "ಅತ್ತಿಗೆ, ಎರಡು ತಿಂಗಳು ಇದ್ದು ಹೋಗ್ತೀನಿ" ಅಂದಿದ್ದಳು. ಆ ಎರಡು ತಿಂಗಳು ಇನ್ನೂ ಮುಗಿದಿರಲಿಲ್ಲ. ನಾದಿನಿ ನಗರಸಭೆಯ ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಹಳೆ ಮಾರುಕಟ್ಟೆಯ ಹಿಂದೆ, ಹನ್ನೆರಡು ಹಾಸಿಗೆಯ, ಸುಣ್ಣ ಉದುರುವ ಗೋಡೆಯ ಚಿಕ್ಕ ಆಸ್ಪತ್ರೆ. ಸುತ್ತಲಿನ ಓಣಿಗಳ ಅರ್ಧದಷ್ಟು ಮಕ್ಕಳನ್ನು ಮೊದಲು ಎತ್ತಿಕೊಂಡವಳು ಇವಳೇ. ಬೀದಿಯಲ್ಲಿ ಮೀಸೆ ಬಂದ ಹುಡುಗರನ್ನು ತೋರಿಸಿ, "ಇವನು ಉಲ್ಟಾ ಬಂದಿದ್ದ, ಈಗಲೂ ಹಾಗೇ ಇದಾನೆ" ಎಂದು ನಗುತ್ತಿದ್ದಳು.

ಆ ಆಸ್ಪತ್ರೆಯನ್ನು ಮುಚ್ಚಬೇಕೆಂಬ ಪ್ರಸ್ತಾವ ಸಭೆಗೆ ಬಂತು. ಸೇತುವೆಯಾಚೆ ದೊಡ್ಡ ಆಸ್ಪತ್ರೆ ಇದೆ, ಹೆರಿಗೆಗೆ ಅಲ್ಲಿಗೇ ಹೋಗಲಿ, ಈ ಕಟ್ಟಡದಲ್ಲಿ ನಗರಸಭೆಯ ವಾಹನಗಳನ್ನು ನಿಲ್ಲಿಸೋಣ ಎಂಬುದು ಅಧ್ಯಕ್ಷರ ಆಸೆ. ಸೇತುವೆಯಾಚೆಗೆ ಹೋಗಲು ಎರಡು ಬಸ್ಸು ಬದಲಾಯಿಸಬೇಕು. ನೋವು ಬಂದವಳು ಬಸ್‌ಸ್ಟಾಪಿನಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂದು ಪ್ರಸ್ತಾವದಲ್ಲಿ ಬರೆದಿರಲಿಲ್ಲ.

ಆ ದಿನ ಅಧ್ಯಕ್ಷರನ್ನು ಬಿಟ್ಟು ಇಪ್ಪತ್ತೆಂಟು ಸದಸ್ಯರು ಹಾಜರಿದ್ದರು. ಎರಡೂ ಕಡೆ ಸಮಸಮ ಆದರೆ ಮಾತ್ರ ಅಧ್ಯಕ್ಷರು ಮತ ಹಾಕಬೇಕೆಂಬುದು ನಿಯಮ. ಕೂಗಾಟ ಮುಗಿಯಲು ಎರಡು ಗಂಟೆ ಹಿಡಿಯಿತು. ಕೊನೆಗೆ ಅಧ್ಯಕ್ಷರು, "ಮುಚ್ಚಬೇಕು ಅನ್ನೋರು ಕೈ ಎತ್ತಿ" ಅಂದರು. ನಡಾವಳಿಯಮ್ಮ ಎಣಿಸಿದಳು: ಹದಿನಾಲ್ಕು. "ಮುಚ್ಚಬಾರದು ಅನ್ನೋರು?" ಮತ್ತೆ ಸಾಲುಗಳ ನಡುವೆ ನಡೆದಳು: ಹದಿನೈದು. ಚೀಟಿ ಬರೆದು ಅಧ್ಯಕ್ಷರಿಗೆ ಕೊಟ್ಟಳು. ಹದಿನೈದು ಹದಿನಾಲ್ಕಕ್ಕಿಂತ ದೊಡ್ಡದು ಎಂಬುದು ಸದಸ್ಯರಿಗೂ ಗೊತ್ತಿತ್ತು. ಅದಕ್ಕಿಂತ ಮುಂದಿನ ಗಣಿತಕ್ಕೆ ಯಾರೂ ಹೋಗಲಿಲ್ಲ. ಪ್ರಸ್ತಾವ ಬಿದ್ದುಹೋಯಿತು. ಮನೆಯಲ್ಲಿ ನಾದಿನಿ ಅವಳನ್ನು ಹಿಡಿದುಕೊಂಡು ಅಡುಗೆಮನೆಯಲ್ಲೇ ಒಂದು ಸುತ್ತು ತಿರುಗಿಸಿಬಿಟ್ಟಳು.

ಮರುದಿನ ಬೆಳಿಗ್ಗೆ ಕಚೇರಿಯಲ್ಲಿ ಕರಡನ್ನು ಶುದ್ಧಪ್ರತಿ ಮಾಡುವಾಗ ಅವಳ ಪೆನ್ನು ನಿಂತಿತು. ಹದಿನಾಲ್ಕೂ ಹದಿನೈದೂ ಕೂಡಿದರೆ ಇಪ್ಪತ್ತೊಂಬತ್ತು. ಹಾಜರಿ ಪುಸ್ತಕದಲ್ಲಿ ಸಹಿಗಳು ಇಪ್ಪತ್ತೆಂಟು.

ಸಹಿಗಳನ್ನು ಮೂರು ಸಲ ಎಣಿಸಿದಳು. ಇಪ್ಪತ್ತೆಂಟೇ. ಇಲ್ಲದ ಮನುಷ್ಯನದೊಂದು ಕೈ ಎಲ್ಲಿಂದ ಬಂತು? ಹಿಂದೆಲ್ಲ ಈ ತಾಪತ್ರಯವೇ ಇರಲಿಲ್ಲ. ಪ್ರಸ್ತಾವಗಳು ಸಾಮಾನ್ಯವಾಗಿ ಭಾರೀ ಬಹುಮತದಿಂದ ಪಾಸಾಗುತ್ತಿದ್ದವು, ವಿರೋಧದ ಕೈಗಳನ್ನು ಎಣಿಸುವ ಗೋಜಿಗೇ ಯಾರೂ ಹೋಗುತ್ತಿರಲಿಲ್ಲ. ಈ ಸಲ ಒಂದೇ ಒಂದು ಕೈಯ ಮೇಲೆ ಆಸ್ಪತ್ರೆ ನಿಂತಿತ್ತು. ಆ ಕೈ ಹದಿನೈದರೊಳಗೆ ಹೆಚ್ಚಾಗಿ ಸೇರಿದ್ದರೆ ನಿಜವಾದ ಲೆಕ್ಕ ಹದಿನಾಲ್ಕು–ಹದಿನಾಲ್ಕು. ಆಗ ಅಧ್ಯಕ್ಷರ ಮತ. ಅಧ್ಯಕ್ಷರ ಮತ ಯಾವ ಕಡೆಗೆಂದು ಕೇಳುವ ಅಗತ್ಯವಿರಲಿಲ್ಲ.

ಮುಂದಿನ ಸಭೆಗೆ ಇಪ್ಪತ್ತನಾಲ್ಕು ದಿನಗಳಿದ್ದವು. ಪ್ರತಿ ಸಭೆಯಲ್ಲೂ ಮೊದಲು ಹಿಂದಿನ ನಡಾವಳಿಯನ್ನು ಓದಿ ದೃಢೀಕರಿಸುತ್ತಾರೆ. ಅಧ್ಯಕ್ಷರ ಸಹಿ ಬಿದ್ದ ಮೇಲೆ ಬ್ರಹ್ಮ ಬಂದರೂ ಅದನ್ನು ತಿದ್ದಲಾಗದು. ಅಂದರೆ ಇಪ್ಪತ್ತನಾಲ್ಕು ದಿನ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಆಸ್ಪತ್ರೆ ಉಳಿಯುತ್ತದೆ. ಬಾಯಿ ಬಿಟ್ಟರೆ, ಬಹುಶಃ ಇಲ್ಲ.

ಅದಕ್ಕಿಂತ ಹೆಚ್ಚಾಗಿ ಅವಳನ್ನು ಕೊರೆದದ್ದು ಇನ್ನೊಂದು ಮಾತು. ಕಣ್ಣು ತಪ್ಪಿತೋ, ಮನಸ್ಸು ತಪ್ಪಿಸಿತೋ? ಎರಡನೇ ಸಲ ನಡೆಯುವಾಗ ಒಂದೊಂದು ಕೈಗೂ 'ಇನ್ನೊಂದಿರಲಿ, ಇನ್ನೊಂದಿರಲಿ' ಎಂದು ಒಳಗೊಳಗೇ ಬೇಡಿಕೊಂಡದ್ದು ಅವಳಿಗೆ ನೆನಪಿತ್ತು. ಬೇಡಿಕೊಂಡ ಮನಸ್ಸೇ ಒಂದನ್ನು ಸೇರಿಸಿಬಿಟ್ಟಿತೇ? ಮುಖ ನೋಡದೆ ಎಣಿಸುವವಳು ಎಂಬ ಹೆಮ್ಮೆ ಈಗ ಅವಳನ್ನೇ ತಿರುಗಿ ಹಂಗಿಸುತ್ತಿತ್ತು. ಮುಖ ನೋಡಿದ್ದರೆ ಯಾರ್‍ಯಾರು ಎತ್ತಿದರೆಂದಾದರೂ ಗೊತ್ತಿರುತ್ತಿತ್ತು.

ಅಂದಿನಿಂದ ಕಂಡದ್ದನ್ನೆಲ್ಲ ಎಣಿಸುವ ಚಟ ಹತ್ತಿತು. ಬಸ್ಸಿನಲ್ಲಿ ಕಂಬಿ ಹಿಡಿದ ಕೈಗಳು, ಎದುರುಮನೆಯ ಹಗ್ಗದ ಮೇಲಿನ ಅಂಗಿಗಳು, ಮೆಟ್ಟಿಲುಗಳು. ಏಳು ಅಂಗಿ. ಮತ್ತೊಮ್ಮೆ ಎಣಿಸಿದರೂ ಏಳು. ಹಾಗಾದರೆ ಕಣ್ಣು ಸರಿಯಿದೆ. ಕಣ್ಣು ಸರಿಯಿದೆ ಎಂದು ಗೊತ್ತಾದಾಗ ಭಯ ಇನ್ನೂ ಹೆಚ್ಚಾಗುತ್ತಿತ್ತು.

"ಅತ್ತಿಗೆ, ಏನದು ಯಾವಾಗ ನೋಡಿದ್ರೂ ತುಟಿ ಅಲ್ಲಾಡಿಸ್ತಾ ಇರ್ತೀರಿ?" ನಾದಿನಿ ಕೇಳಿದಳು. "ರಿಟೈರ್ ಆಗೋಕೆ ಇನ್ನೂ ಎಂಟು ತಿಂಗಳಿದೆ. ಈಗಲೇ ಅರಳು ಮರಳು ಶುರುವಾಯ್ತಾ?"

"ಸುಮ್ನಿರೇ" ಎಂದು ಇವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಸಭೆಗೆ ಒಂದು ವಾರವಿದ್ದಾಗ ತಡೆಯಲಾರದೆ ಕಾರ್ಯದರ್ಶಿಯ ಕೋಣೆಗೆ ಹೋಗಿ ಎಲ್ಲ ಹೇಳಿಬಿಟ್ಟಳು. ಕಾರ್ಯದರ್ಶಿ ಕೆಟ್ಟವನಲ್ಲ. ಐದೂವರೆಗೆ ಮನೆ ಸೇರಬೇಕೆಂಬುದೊಂದೇ ಅವನ ಸಿದ್ಧಾಂತ. ಎದ್ದು ಬಾಗಿಲು ಮುಚ್ಚಿ ಬಂದ.

"ಇಷ್ಟೇ ತಾನೇ? ಹದಿನಾಲ್ಕನ್ನ ಹದಿಮೂರು ಮಾಡಿ. ಕೂಡಿದ್ರೆ ಇಪ್ಪತ್ತೆಂಟು. ಆಸ್ಪತ್ರೆನೂ ಉಳೀತು, ಲೆಕ್ಕಾನೂ ಸರಿಹೋಯ್ತು."

"ಹದಿಮೂರು ಅಂತ ನಾನು ಎಣಿಸಿಲ್ಲ ಸರ್."

"ಎಣಿಸಿದ್ದೇ ತಪ್ಪು ಅಂತಿದೀರಲ್ಲ ತಾಯಿ. ತಪ್ಪು ಲೆಕ್ಕಕ್ಕೆ ಇಷ್ಟೊಂದು ಮರ್ಯಾದೆ ಯಾಕೆ?" ಅವನು ದನಿ ತಗ್ಗಿಸಿದ. "ಎದ್ದು ಹೇಳಿ ನೋಡಿ. ನಿಮ್ಮ ನಾದಿನಿ ಅಲ್ಲೇ ಇರೋದು ಅಂತ ಮೊದಲು ಅದನ್ನೇ ಎತ್ತುತಾರೆ. ವಿಚಾರಣೆ ಅಂತ ಶುರುವಾದ್ರೆ ಪಿಂಚಣಿ ಕಾಗದ ಎಲ್ಲಿ ಸಿಕ್ಕಿಹಾಕ್ಕೊಳ್ಳುತ್ತೋ ಯಾರಿಗೆ ಗೊತ್ತು? ನೀವು ಹೇಳಿಲ್ಲ, ನಾನು ಕೇಳಿಲ್ಲ."

ಅವಳು ತನ್ನ ಮೇಜಿಗೆ ಬಂದು ಪುಸ್ತಕ ತೆರೆದು, ಆ ಹದಿನಾಲ್ಕನ್ನು ನೋಡುತ್ತ ಕೂತಳು. ಒಂದೇ ಒಂದು ಗೀಟಿನ ಕೆಲಸ. ಬಿಸಿತುಪ್ಪ ಬಾಯಿಗೆ ಬಿದ್ದಂತಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು. ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. ಸಂಜೆ ಪುಸ್ತಕವನ್ನು ಹಾಗೇ ಕಪಾಟಿನಲ್ಲಿಟ್ಟು ಬೀಗ ಹಾಕಿದಳು.

ನಾದಿನಿಗೆ ಹೇಳಲಿಲ್ಲ. ಹೇಳಿದರೆ ಅವಳು 'ಬೇಡ ಅತ್ತಿಗೆ' ಅನ್ನುತ್ತಾಳೆ. ಅವಳು ಬೇಡ ಅಂದ ಮೇಲೆ ಎದ್ದು ನಿಲ್ಲುವ ಧೈರ್ಯ ತನಗಿಲ್ಲವೆಂದು ಇವಳಿಗೆ ಚೆನ್ನಾಗಿ ಗೊತ್ತಿತ್ತು.

ಸಭೆಯ ದಿನ ಎಲ್ಲ ಎಂದಿನಂತೆಯೇ ಇತ್ತು. ಹಿಂದಿನ ಸಭೆಯ ಇಪ್ಪತ್ತೆಂಟು ಸದಸ್ಯರೂ ಬಂದಿದ್ದರು. ಅವಳು ನಡಾವಳಿ ಓದುತ್ತಿದ್ದರೆ ಮುಂದಿನ ಸಾಲಿನವರು ಪತ್ರಿಕೆ ಓದುತ್ತಿದ್ದರು, ಹಿಂದಿನವರು ಫೋನು ನೋಡುತ್ತಿದ್ದರು. "ಆಯ್ತು, ಆಯ್ತು, ದೃಢೀಕರಿಸಿ" ಎಂದು ಯಾರೋ ಆಕಳಿಸುತ್ತ ಅಂದರು. ಅಧ್ಯಕ್ಷರು ಪೆನ್ನು ಕೈಗೆತ್ತಿಕೊಂಡರು. ಅವಳು ಮೇಜನ್ನು ಒತ್ತಿ ಹಿಡಿದಳು.

"ಸಹಿಗೆ ಮುಂಚೆ ಒಂದು ಮಾತು ಸರ್. ಆಸ್ಪತ್ರೆ ಲೆಕ್ಕದಲ್ಲಿ ತಪ್ಪಿದೆ. ಇಪ್ಪತ್ತೆಂಟು ಜನಕ್ಕೆ ನಾನು ಇಪ್ಪತ್ತೊಂಬತ್ತು ಕೈ ಬರೆದಿದೀನಿ."

ಪತ್ರಿಕೆಗಳು ಕೆಳಗಿಳಿದವು. ಮರುಕ್ಷಣ ಸಭೆಗೆ ಬೆಂಕಿ ಬಿದ್ದಂತಾಯಿತು. "ಇವರ ನಾದಿನಿ ಅಲ್ಲೇ ನರ್ಸು!" ಎಂದು ಒಂದು ಕಡೆಯವರು ಕೂಗಿದರು. "ಈಗ್ಯಾಕಮ್ಮ ಬಾಯಿ ಬಿಟ್ರಿ?" ಎಂದು ಇನ್ನೊಂದು ಕಡೆಯವರು ಹಲ್ಲು ಕಡಿದರು.

"ಹೌದು, ನನ್ನ ನಾದಿನಿ ಅಲ್ಲೇ ಇದಾಳೆ" ಎಂದಳು ನಡಾವಳಿಯಮ್ಮ. "ಅದು ಉಳೀಲಿ ಅಂತ ನನಗೂ ಆಸೆ ಇತ್ತು. ಆ ಆಸೆಯಿಂದಲೇ ತಪ್ಪಿತೋ ಏನೋ, ನನಗೇ ಗೊತ್ತಿಲ್ಲ. ಅದಕ್ಕೇ ಹೇಳ್ತಿದೀನಿ."

ಅಧ್ಯಕ್ಷರು ಒಬ್ಬೊಬ್ಬರನ್ನೇ ಎಬ್ಬಿಸಿ ಅಂದು ಯಾವ ಕಡೆ ಕೈ ಎತ್ತಿದ್ದರೆಂದು ಕೇಳಿದರು. ಹಾಜರಿ ಪುಸ್ತಕ ಹಿಡಿದು ಅವಳು ಗುರುತು ಹಾಕುತ್ತ ಹೋದಳು. ಮೂರನೇ ಸಾಲಿನ ಮಧ್ಯದ ಸದಸ್ಯರ ಸರದಿ ಬಂದಾಗ ಅವರು, "ಬೇರೆಯವರದ್ದು ಮುಗೀಲಿ, ನಂದೇನು ಅವಸರ" ಅಂದರು. ಎಲ್ಲರೂ ಬೆನ್ನ ಹಿಂದೆ ಹೌದಪ್ಪ ಎಂದು ಕರೆಯುವ ಮನುಷ್ಯ. ಬಲಗಡೆಯವರು ಹೇಳಿದ್ದಕ್ಕೂ ಹೌದು, ಎಡಗಡೆಯವರು ಹೇಳಿದ್ದಕ್ಕೂ ಹೌದು. ಅಡ್ಡಗೋಡೆ ಮೇಲೆ ದೀಪ ಇಟ್ಟೇ ಒಂದು ಚುನಾವಣೆ ಗೆದ್ದಿದ್ದರು.

ಉಳಿದ ಇಪ್ಪತ್ತೇಳು ಜನರದು ಮುಗಿಯಿತು. ಮುಚ್ಚಬೇಕು: ಹದಿಮೂರು. ಮುಚ್ಚಬಾರದು: ಹದಿನಾಲ್ಕು. ಎಲ್ಲರೂ ಹೌದಪ್ಪನ ಕಡೆ ತಿರುಗಿದರು.

"ಸ್ವಾಮಿ, ಎರಡೂ ಸಲ ಎತ್ತಿದ್ರಾ?" ನಡಾವಳಿಯಮ್ಮ ಕೇಳಿದಳು.

ಹೌದಪ್ಪ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. "ಮೊದಲ ಸಲ ಈ ಪಕ್ಕದವರು ಎತ್ತಿದ್ರು, ಎತ್ತಿದೆ. ಆಮೇಲೆ ಆ ಪಕ್ಕದವರು ಎತ್ತಿದ್ರು. ಯಾರಿಗೂ ಬೇಜಾರಾಗೋದು ಬೇಡ ಅಂತ... ಯಾವಾಗಲೂ ಹಾಗೇ ಮಾಡೋದು. ಯಾರೂ ಕೇಳಿರಲಿಲ್ಲ."

ಸಭೆಯೇ ಗೊಳ್ಳೆಂದು ನಕ್ಕಿತು. ನಡಾವಳಿಯಮ್ಮನಿಗೆ ಮಾತ್ರ ಕಣ್ಣಲ್ಲಿ ನೀರು ತುಂಬಿತು. ಅವಳು ಎಣಿಸಿದ್ದು ಸರಿಯಾಗಿತ್ತು. ಎತ್ತಿದ ಕೈಗಳು ಇಪ್ಪತ್ತೊಂಬತ್ತೇ ಇದ್ದವು. ಕಣ್ಣೂ ತಪ್ಪಿರಲಿಲ್ಲ, ಮನಸ್ಸೂ ಕದ್ದಿರಲಿಲ್ಲ. ಇಪ್ಪತ್ತನಾಲ್ಕು ದಿನಗಳ ಭಾರ ಒಮ್ಮೆಲೇ ಇಳಿದು ಅವಳು ಕುರ್ಚಿಯಲ್ಲಿ ಕುಸಿದು ಕೂತಳು.

"ಈಗ ಒಂದು ಕಡೆ ಹೇಳಿ" ಎಂದರು ಅಧ್ಯಕ್ಷರು. ಅವರು ನಗುತ್ತಿರಲಿಲ್ಲ.

ಹೌದಪ್ಪ ಅತ್ತ ನೋಡಿದರು, ಇತ್ತ ನೋಡಿದರು. ಕೊನೆಗೆ ದಿಕ್ಕು ಕಾಣದೆ ಅವಳತ್ತಲೇ ತಿರುಗಿದರು. "ಪುಸ್ತಕದಲ್ಲಿ ಆಸ್ಪತ್ರೆ ಉಳೀತು ಅಂತ ಇದೆಯಲ್ಲಮ್ಮ? ನೀವು ಹ್ಞೂಂ ಅಂದ್ರೆ ನಂದೂ ಅದೇ ಅಂತ ಇಟ್ಕೊಳ್ಳಿ."

ಅವಳ ಗಂಟಲವರೆಗೆ ಆ ಹ್ಞೂಂ ಬಂದಿತ್ತು. ಅಷ್ಟು ಹತ್ತಿರ ಬಂದಿತ್ತೆಂದು ಅವಳು ಆಮೇಲೆ ಯಾರಿಗೂ ಹೇಳಲಿಲ್ಲ.

"ನಿಮ್ಮ ಕೈ ನಿಮ್ಮದು ಸ್ವಾಮಿ. ನಾನು ಎಣಿಸೋಳು ಮಾತ್ರ."

ಹೌದಪ್ಪ ಇನ್ನೊಮ್ಮೆ ಕುತ್ತಿಗೆ ಒರೆಸಿಕೊಂಡು, ಎದುರಿಗೆ ಕೂತಿದ್ದ ಅಧ್ಯಕ್ಷರ ಮುಖ ನೋಡಿ, "ಮುಚ್ಚಲಿ ಬಿಡಿ" ಅಂದರು. ಹದಿನಾಲ್ಕು, ಹದಿನಾಲ್ಕು. ಅಧ್ಯಕ್ಷರು ತಮ್ಮ ಮತವನ್ನು ಮುಚ್ಚುವ ಕಡೆಗೆ ಹಾಕಿದರು. ನಡಾವಳಿಯಮ್ಮ ಹಳೆಯ ತೀರ್ಮಾನಕ್ಕೆ ಗೀಟು ಹೊಡೆದು, ಹೊಸದನ್ನು ಅದೇ ದುಂಡು ಅಕ್ಷರದಲ್ಲಿ ಬರೆದಳು. ತಿಂಗಳ ಕೊನೆಗೆ ಆಸ್ಪತ್ರೆಗೆ ಬೀಗ.

ಮನೆಗೆ ಬಂದಾಗ ನಾದಿನಿ ಬಾಗಿಲಲ್ಲೇ ನಿಂತಿದ್ದಳು. ಸುದ್ದಿ ಮುಂಚೆಯೇ ತಲುಪಿತ್ತು.

"ನೀವು ಸುಮ್ನಿದ್ದಿದ್ರೆ ಉಳೀತಿತ್ತಂತೆ. ಹೌದಾ ಅತ್ತಿಗೆ?"

"ಹೌದು."

"ತಿಂಗಳಿಂದ ಗೊತ್ತಿತ್ತು. ನನಗೆ ಒಂದು ಮಾತು ಹೇಳಲಿಲ್ಲ."

"ಹೇಳಿದ್ರೆ ನೀನು ಬೇಡ ಅಂತಿದ್ದೆ."

"ಅಂತಿದ್ದೆ. ಅಂದೇ ಅಂತಿದ್ದೆ." ನಾದಿನಿ ಒಳಗೆ ಹೋದಳು. ಕೋಣೆಯಲ್ಲಿ ಏನನ್ನೋ ಹುಡುಕುವ ಸದ್ದಾಯಿತು. ನಡಾವಳಿಯಮ್ಮ ಚಪ್ಪಲಿಯನ್ನೂ ಬಿಚ್ಚದೆ ಹೊಸ್ತಿಲಲ್ಲೇ ನಿಂತಿದ್ದಳು. ಟ್ರಂಕು ಎಳೆಯುತ್ತಿದ್ದಾಳೆಂದೇ ಅವಳು ಅಂದುಕೊಂಡಳು.

ನಾದಿನಿ ಹೊರಗೆ ಬಂದಾಗ ಕೈಯಲ್ಲಿದ್ದದ್ದು ಒಂದು ಹಾಳೆ. ಅತ್ತು ಮುಖ ಕೆಂಪಾಗಿತ್ತು.

"ಒಂಬತ್ತನೇ ತಿಂಗಳಿನವರು ಏಳು ಜನ ಇದಾರೆ. ಎಲ್ಲರೂ ನಮ್ಮಲ್ಲೇ ಹೆಸರು ಬರೆಸಿರೋರು. ಇಂಥಾ ದಿನದ ಮೇಲೆ ಬರಬೇಡಿ, ಸೇತುವೆ ದಾಟಿ ಹೋಗಿ ಅಂತ ಮನೆಮನೆಗೆ ಹೋಗಿ ಹೇಳಬೇಕು. ನನ್ನ ಬಾಯಲ್ಲಿ ಆ ಮಾತು ಬರಲ್ಲ ಅತ್ತಿಗೆ. ಮನೆ ನಾನು ತೋರಿಸ್ತೀನಿ. ನೀವೇ ಹೇಳಿ."

ನಡಾವಳಿಯಮ್ಮ ಹಾಳೆ ಇಸಿದುಕೊಂಡಳು. ಇಬ್ಬರೂ ಹಾಗೇ ಬೀದಿಗಿಳಿದರು. ಮೊದಲ ಮನೆ ಮೂರನೇ ತಿರುವಿನಲ್ಲಿತ್ತು. ಬಾಗಿಲು ತೆರೆದ ಹುಡುಗಿ ಸೊಂಟಕ್ಕೆ ಕೈಕೊಟ್ಟು ನಿಂತು, ಹಿಂದೆ ನಿಂತಿದ್ದ ನರ್ಸನ್ನು ಕಂಡು ಮುಖ ಅರಳಿಸಿ, "ಬನ್ನಿ ಸಿಸ್ಟರ್, ಒಳಗೆ ಬನ್ನಿ" ಅಂದಳು. ನಡಾವಳಿಯಮ್ಮ ಅವಳ ಮುಖವನ್ನೇ ನೇರವಾಗಿ ನೋಡುತ್ತ ಮಾತು ಶುರುಮಾಡಿದಳು.