ಚಿಂಚೋಳಿ ರಸ್ತೆಯ ಎದುರುಗಾಳಿ

ದೆವ್ವ ಭೂತದ ಮಾತೆತ್ತಿದರೆ ಮೊದಲು ನಗುತ್ತಿದ್ದವನು ನಾನೇ. ಸೇಡಂನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ ನಾನು. ಮೈಮೇಲೆ ದೇವರು ಬರುವುದು, ಸತ್ತವರು ಕನಸಿನಲ್ಲಿ ಬಂದು ಮಾತಾಡುವುದು, ಎಲ್ಲಕ್ಕೂ ನನ್ನ ಹತ್ತಿರ ಒಂದು ಕಾರಣ ಸಿದ್ಧವಾಗಿರುತ್ತಿತ್ತು. ಈಗ ಹೇಳಹೊರಟಿರುವುದಕ್ಕೆ ನನ್ನ ಹತ್ತಿರ ಕಾರಣವಿಲ್ಲ, ಸಿಟ್ಟು ಮಾತ್ರ ಇದೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಪೂರ್ತಿ ಓದಿ, ಆಮೇಲೆ ಬೇಕಾದರೆ ನಗಿರಿ.

ಮಲ್ಲಣ್ಣ ನಮ್ಮೂರ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ. ನನಗಿಂತ ಹಿರಿಯ, ಅಣ್ಣ ಎಂದೇ ಕರೆಯುತ್ತಿದ್ದೆ. ಹಣೆಗೆ ವಿಭೂತಿ ಬಳಿದುಕೊಂಡು ಅದರ ಮೇಲೆ ಹೆಲ್ಮೆಟ್ ಹಾಕಿಕೊಂಡು ರವಿವಾರ ಬೆಳಗಾಗುವ ಮೊದಲೇ ನನ್ನ ಮನೆ ಮುಂದೆ ಬಂದು ಗಂಟೆ ಬಾರಿಸುತ್ತಿದ್ದ. ಒಂದು ವಾರ ಚಿತ್ತಾಪುರ ದಾಟಿ ಸನ್ನತಿಯ ಭೀಮಾ ದಂಡೆಗೆ ಹೋದರೆ, ಇನ್ನೊಂದು ವಾರ ವಾಡಿ ಮೇಲಿಂದ ಶಹಾಬಾದಿಗೆ ಹೋಗಿ ಕಲ್ಲಿನ ಖಣಿಗಳ ಧೂಳು ತಿಂದು ಬರುತ್ತಿದ್ದೆವು. ಆದರೆ ಇಬ್ಬರಿಗೂ ಪ್ರೀತಿಯದು ಚಿಂಚೋಳಿ ರಸ್ತೆ. ಕಾಗಿಣಾ ಹೊಳೆ ಸೀಮೆಯ ಕರಿಮಣ್ಣಿನ ಬಯಲು ಮುಗಿದು ಗುಡ್ಡ ಏರತೊಡಗುತ್ತದೆ, ಗಿಡಮರ ಕಾಣುತ್ತವೆ, ಉಸಿರಿಗೆ ಬೇರೆಯದೇ ಗಾಳಿ ಸಿಗುತ್ತದೆ. ಚಿಂಚೋಳಿ ಪಕ್ಕದ ಚಂದಾಪುರದಲ್ಲಿ ಚುರುಮುರಿಯ ಸುಸಲಾ, ಮಿರ್ಚಿ ಭಜಿ ತಿಂದು, ಚಹಾ ಕುಡಿದು ತಿರುಗಿ ಬರುತ್ತಿದ್ದೆವು.

ಹೋಗುವುದು ಸುಖ, ಬರುವುದೇ ಕಷ್ಟ. ಆಷಾಢದಲ್ಲಂತೂ ಚಿಂಚೋಳಿಯಿಂದ ಸೇಡಂ ಕಡೆ ಮುಖ ಮಾಡಿದರೆ ಗಾಳಿ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳುತ್ತದೆ. ಸೈಕಲ್ ಹೊಡೆಯದವರಿಗೆ ಒಂದು ಸಂಗತಿ ತಿಳಿಸಬೇಕು. ಎದುರುಗಾಳಿಯಲ್ಲಿ ಒಬ್ಬ ಮುಂದೆ ಹೋಗಿ ಗಾಳಿಯನ್ನು ಒಡೆಯುತ್ತಾನೆ. ಇನ್ನೊಬ್ಬ ಅವನ ಹಿಂದಿನ ಗಾಲಿಗೆ ಅಂಟಿಕೊಂಡಂತೆ ಹೋದರೆ ಗಾಳಿಯ ಹೊಡೆತ ತಪ್ಪುತ್ತದೆ, ಕಾಲಿಗೆ ಅರ್ಧ ಶ್ರಮ ಉಳಿಯುತ್ತದೆ. ಸರದಿಯಂತೆ ಮುಂದೆ ಹೋಗುವುದು ಎಲ್ಲ ಕಡೆಯ ಪದ್ಧತಿ. ಮಲ್ಲಣ್ಣ ಮಾತ್ರ ನನ್ನನ್ನು ಮುಂದೆ ಬಿಟ್ಟವನೇ ಅಲ್ಲ. ಕೇಳಿದರೆ ಒಂದೇ ಮಾತು ಹೇಳುತ್ತಿದ್ದ:

“ನೀ ನನ್ನ ಹಿಂದಿನ ಗಾಲಿ ನೋಡ್ಕೋತ ಬಾ. ರೋಡ್ ನಾ ನೋಡ್ತೀನಿ.”

ನಾನೂ ಹಾಗೇ ಬಂದೆ. ಅಷ್ಟು ವರ್ಷ ಆ ರಸ್ತೆಯಲ್ಲಿ ತಿರುಗಾಡಿದರೂ ಬರುವಾಗಿನ ದಾರಿಯನ್ನು ನಾನು ಕಣ್ಣೆತ್ತಿ ನೋಡಿಯೇ ಇರಲಿಲ್ಲ. ನೋಡಿದ್ದು ಅವನ ಗಾಲಿಯನ್ನು. ಅದು ಬಲಕ್ಕೆ ಹೊರಳಿದರೆ ಬಲಕ್ಕೆ, ಎಡಕ್ಕೆ ಹೊರಳಿದರೆ ಎಡಕ್ಕೆ ಹೋಗುತ್ತಿದ್ದೆ.

ಒಂದು ರವಿವಾರ ನನಗೆ ಪರೀಕ್ಷೆಯ ಕೆಲಸ ಬಂತು. ಅವನೊಬ್ಬನೇ ಹೋದ. ತಿರುಗಿ ಬರುವಾಗ, ಹಳ್ಳಕ್ಕೆ ಕಟ್ಟಿದ ಒಂದು ಸಣ್ಣ ಸೇತುವೆಯ ಮೇಲೆ, ಹಿಂದಿನಿಂದ ಬಂದ ಲಾರಿ ಅವನನ್ನು ಹೊಡೆದು ಹಾಕಿತು. ಬೆಳಕು ಚೆನ್ನಾಗಿ ಬಿದ್ದ ಹೊತ್ತು. ಸೈಕಲ್ ಸವಾರ ಒಮ್ಮೆಲೇ ನಡುರಸ್ತೆಗೆ ಬಂದದ್ದೇ ಕಾರಣವೆಂದು ಲಾರಿಯವನು ಹೇಳಿದ. ವಿಚಾರಣೆಗೆ ಬಂದವರು ಅದನ್ನೇ ಬರೆದುಕೊಂಡು ಹೋದರು. ಅಲ್ಲಿಗೆ ಮುಗಿಯಿತು.

ಊರಿನ ಬಾಯಿ ಮಾತ್ರ ಮುಗಿಯಲಿಲ್ಲ. ಈ ವಯಸ್ಸಿನಲ್ಲಿ ತುಂಡು ಚಡ್ಡಿ ಹಾಕಿಕೊಂಡು ಸೈಕಲ್ ಹೊಡೆಯುವ ಹುಚ್ಚು ಯಾಕೆ ಬೇಕಿತ್ತು ಎಂದರು. ಮೂರನೆಯ ದಿನ, ಸಮಾಧಿಯ ಮಣ್ಣು ಆರುವ ಮೊದಲೇ ಅವನ ಅಂಗಡಿಯ ಕಟ್ಟೆಯ ಮೇಲೆ ಕೂತು, ರಸ್ತೆ ಏನು ಅವರಪ್ಪನದಾ ಎಂದವರಿದ್ದಾರೆ. ನನಗೆ ಇವತ್ತಿಗೂ ಅವರ ಮುಖ ಕಂಡರೆ ಮೈ ಉರಿಯುತ್ತದೆ. ಹೌದು, ರಸ್ತೆ ಅವನಪ್ಪನದಲ್ಲ. ಹಾಗಾದರೆ ಲಾರಿಯವರಪ್ಪನದೇ? ಸೈಕಲ್ ಹೊಡೆಯುವವನು ಸತ್ತರೆ ಅವನ ತಪ್ಪು, ಬದುಕಿದರೆ ಅವನ ನಸೀಬು ಎಂದು ಯಾರು ತೀರ್ಮಾನ ಮಾಡಿದ್ದು?

ಮಲ್ಲಣ್ಣನ ಹೆಂಡತಿ ಮಹಾದೇವಿ ವೈನಿ ಊರಿಗೆ ಉತ್ತರ ಕೊಡಲು ಹೋಗಲಿಲ್ಲ. ನನ್ನನ್ನು ಕರೆಸಿ ಕೇಳಿದರು:

“ಅವ್ರು ನಡು ರೋಡಿಗಿ ಯಾಕ ಹೋಗಿದ್ರು, ಮಾಸ್ತರ್ರೇ? ಅಂಗಡಿ ಮೆಟ್ಟಲ ಇಳಿಬೇಕಾದ್ರೂ ಆಚಿಗಿ ಈಚಿಗಿ ನೋಡಿ ಇಳಿಯೋ ಮನಷ್ಯಾ. ನೀವು ಅವ್ರ ಸಂಗಾಟ ಅಡ್ಡಾಡೋರು, ನಿಮಗ ಗೊತ್ತಿರಬೇಕಲ್ರಿ.”

ನನಗೆ ಗೊತ್ತಿರಲಿಲ್ಲ.

ಮುಂದಿನ ಆಷಾಢದವರೆಗೆ ಸೈಕಲ್ ಮುಟ್ಟಲಿಲ್ಲ. ಆಮೇಲೆ ಒಂದು ದಿನ, ಯಾರೋ ಅದೇ ಚಡ್ಡಿಯ ಮಾತು ತೆಗೆದದ್ದಕ್ಕೆ ರೇಗಿ, ಮರುದಿನ ಬೆಳಿಗ್ಗೆ ಗಾಲಿಗೆ ಗಾಳಿ ತುಂಬಿಕೊಂಡು ಹೊರಟೇಬಿಟ್ಟೆ. ಚಂದಾಪುರದಲ್ಲಿ ಒಬ್ಬನೇ ಚಹಾ ಕುಡಿದು ತಿರುಗಿದೆ. ಗಾಳಿ ಬಡಿಯುತ್ತಿತ್ತು. ತಲೆ ತಗ್ಗಿಸಿ, ಊರಿನವರನ್ನೆಲ್ಲ ಬೈಯುತ್ತ ತುಳಿಯುತ್ತಿದ್ದೆ.

ಆಗ ಗಾಳಿ ನಿಂತಿತು.

ನಿಂತಿತು ಎನ್ನುವುದು ತಪ್ಪು. ರಸ್ತೆ ಬದಿಯ ಹುಲ್ಲು ಮಲಗಿ ಏಳುತ್ತಲೇ ಇತ್ತು, ಧೂಳು ನನ್ನ ಎರಡೂ ಪಕ್ಕದಲ್ಲಿ ಸಾಗುತ್ತಿತ್ತು. ನನಗೊಬ್ಬನಿಗೆ ಮಾತ್ರ ಗಾಳಿ ತಾಗುತ್ತಿರಲಿಲ್ಲ. ಪೆಡಲ್ ಹಗುರಾಯಿತು. ಇನ್ನೊಬ್ಬರ ಹಿಂದೆ ಸೈಕಲ್ ಹೊಡೆದವರಿಗೆ ಆ ಜಾಗ ಮೈಗೆ ಗೊತ್ತಿರುತ್ತದೆ, ಅದನ್ನು ಬೇರೆ ಯಾವುದೋ ಎಂದು ತಪ್ಪು ತಿಳಿಯಲಾಗದು. ನನ್ನ ಮುಂದೆ ಯಾರೋ ಗಾಳಿ ಒಡೆಯುತ್ತಿದ್ದರು. ಕಣ್ಣೆತ್ತಿ ನೋಡಿದರೆ ಖಾಲಿ ರಸ್ತೆ.

ಹೆದರಿಕೆಯಾಗಲಿಲ್ಲ ಎಂದರೆ ನೀವು ನಂಬುವುದಿಲ್ಲ. ಆದರೆ ಕಾಲುಗಳು ತುಳಿಯುತ್ತಲೇ ಇದ್ದವು. ಆ ಸೇತುವೆ ಹತ್ತಿರವಾಯಿತು. ಅದರ ಮೇಲೆ ಏರುತ್ತಿದ್ದಂತೆ ಆ ಗಾಳಿಯಿಲ್ಲದ ಜಾಗ ತಟ್ಟನೆ ಬಲಕ್ಕೆ ಸರಿಯಿತು. ನನ್ನ ಎಡಗೆನ್ನೆಗೆ ಗಾಳಿ ಬಡಿಯಿತು. ಯೋಚನೆ ಮಾಡದೆ ನಾನೂ ಬಲಕ್ಕೆ ಸರಿದು ಅದರೊಳಗೆ ಹೊಕ್ಕೆ. ನೋಡಿದರೆ ನಡುರಸ್ತೆಯಲ್ಲಿದ್ದೆ. ಮರುಕ್ಷಣ ಅದು ಇಲ್ಲವಾಯಿತು. ಇಡೀ ಆಷಾಢ ಒಮ್ಮೆಲೇ ಎದೆಗೆ ಗುದ್ದಿತು, ಬೀಳುವುದನ್ನು ಹೇಗೋ ತಪ್ಪಿಸಿಕೊಂಡು ಇಳಿದೆ.

ಸೈಕಲ್ ಒರಗಿಸಿ ಹಿಂದಕ್ಕೆ ನಡೆದುಹೋದೆ. ಸೇತುವೆಯ ಎಡ ಅಂಚಿನಲ್ಲಿ, ನಾನು ಹಾದುಹೋಗಬೇಕಿದ್ದ ನೇರಕ್ಕೆ, ಒಂದು ತುಂಡು ನೆಲ ಬೇರೆ ಬಣ್ಣದ್ದಿತ್ತು. ಕಾಲಿನಿಂದ ಒತ್ತಿದೆ, ಕುಸಿಯಿತು. ಮುರುಮು ಮಣ್ಣಿನ ಕೆಳಗೆ ಸಿಮೆಂಟಿನ ಖಾಲಿ ಚೀಲ ಹಾಸಿ ಯಾರೋ ಮರೆಮಾಡಿದ್ದರು. ಚೀಲ ಎಳೆದರೆ ಕೆಳಗೆ ಆಳದಲ್ಲಿ ಹಳ್ಳದ ಕಲ್ಲು ಕಾಣಿಸಿತು. ಒಬ್ಬ ಮನುಷ್ಯ ಸಲೀಸಾಗಿ ಇಳಿಯುವಷ್ಟು ದೊಡ್ಡ ಹೊಂಡ. ಅದರ ಒಡೆದ ಅಂಚು ಹೊಸದಾಗಿರಲಿಲ್ಲ. ಸವೆದು ನುಣುಪಾಗಿ, ಬಿರುಕಿನಲ್ಲಿ ಹುಲ್ಲು ಬೆಳೆದು ಒಣಗಿತ್ತು.

ಆ ಸೇತುವೆಯ ಮೇಲೆ ಕೂತು ನಾನು ಅತ್ತೆ, ಸಿಟ್ಟಿಗೆ ಅತ್ತೆ. ಮಲ್ಲಣ್ಣ ಯಾಕೆ ನಡುರಸ್ತೆಗೆ ಹೋದನೆಂದು ಆಗ ಗೊತ್ತಾಯಿತು. ಪ್ರತಿ ರವಿವಾರ ಅವನು ಅಲ್ಲಿ ಬಲಕ್ಕೆ ಹೊರಳುತ್ತಿದ್ದ. ಪ್ರತಿ ರವಿವಾರ ಅವನ ಹಿಂದೆ ನಾನೂ ಆ ಹೊಂಡ ತಪ್ಪಿಸಿದ್ದೆ. ಅದು ಅಲ್ಲಿದೆ ಎಂದು ಕೂಡ ತಿಳಿಯದ ಹಾಗೆ ನನ್ನನ್ನು ದಾಟಿಸಿದ್ದ.

ಫೋಟೊ ತೆಗೆದುಕೊಂಡು ರಸ್ತೆಯ ಹೊಣೆ ಹೊತ್ತ ಸಾಹೇಬರ ಹತ್ತಿರ ಹೋದೆ. ಅವರು ಕುರ್ಚಿ ಕೊಟ್ಟರು, ಚಹಾ ತರಿಸಿದರು, ಫೋಟೊ ನೋಡಿದರು.

“ಇದು ಮೊನ್ನಿ ಮಳಿಗಿ ಬಿದ್ದದ್ರಿ. ಅವ್ರು ತೀರಿಕೊಂಡಾಗ ಇರಲಿಲ್ಲ,” ಎಂದರು.

ಒಡೆದ ಅಂಚು ತೋರಿಸಿದೆ, ಹುಲ್ಲು ತೋರಿಸಿದೆ. ಸಾಹೇಬರು ಗಡಿಯಾರ ನೋಡಿದರು. ವರ್ಷಗಟ್ಟಲೆ ದುರಸ್ತಿ ಕಾಣದಿದ್ದ ಹೊಂಡವನ್ನು, ನಾನು ಇನ್ನೊಮ್ಮೆ ಹೋಗುವಷ್ಟರಲ್ಲಿ ಕಾಂಕ್ರೀಟ್ ಹಾಕಿ ಸಮ ಮಾಡಿಯಾಗಿತ್ತು. ನಮ್ಮ ಸೀಮೆಯಲ್ಲಿ ಇಷ್ಟು ಚುರುಕಾಗಿ ನಡೆದ ಸರಕಾರಿ ಕೆಲಸ ನಾನು ಇನ್ನೊಂದು ಕಂಡಿಲ್ಲ.

ನನ್ನ ತಲೆಯೊಳಗಿನ ಮಾಸ್ತರ ಸುಮ್ಮನಿರಲಿಲ್ಲ. ಅಷ್ಟು ವರ್ಷ ಬಲಕ್ಕೆ ಹೊರಳಿ ಹೊರಳಿ ಕೈಗೆ ರೂಢಿಯಾಗಿತ್ತು, ಆ ಜಾಗ ಬಂದಾಗ ಕೈ ತಾನೇ ತಿರುಗಿತು ಎಂದ. ಇರಬಹುದು, ಕೈಯ ಮಟ್ಟಿಗೆ ಒಪ್ಪುತ್ತೇನೆ. ಆದರೆ ಎದುರುಗಾಳಿಗೆ ಯಾವ ರೂಢಿ? ಆಮೇಲೆ ಎಷ್ಟೋ ಸಲ ಅದೇ ರಸ್ತೆಯಲ್ಲಿ, ಅದೇ ಗಾಳಿಯಲ್ಲಿ ಬಂದಿದ್ದೇನೆ. ಬೇಕೆಂದೇ ತಲೆ ತಗ್ಗಿಸಿ ಕಾದಿದ್ದೇನೆ. ಮತ್ತೆ ಒಮ್ಮೆಯೂ ಯಾರೂ ಮುಂದೆ ಬರಲಿಲ್ಲ.

ವೈನಿಯವರಿಗೆ ಎಲ್ಲ ಹೇಳಿದೆ. ಅವರು ಬೆರಗಾಗುತ್ತಾರೆ ಅಂದುಕೊಂಡಿದ್ದೆ, ಆಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ತಮ್ಮ ಯಜಮಾನರ ತಪ್ಪಿರಲಿಲ್ಲ ಎಂದು ಒಮ್ಮೆ ತಮಗೆ ತಾವೇ ಹೇಳಿಕೊಂಡರು. ಆಮೇಲೆ ಇದನ್ನೆಲ್ಲ ಬರೆಯಿರಿ ಎಂದರು. ಹೊಂಡದ ಸಂಗತಿ ಬರೆಯುತ್ತೇನೆ, ಗಾಳಿಯ ಸಂಗತಿ ಬರೆದರೆ ಜನ ನಗುತ್ತಾರೆ ಎಂದೆ.

“ಹೊಂಡ ಸಾಹೇಬ್ರು ಮುಚ್ಚ್ಯಾರಲ್ರಿ,” ಎಂದರು ವೈನಿ. “ಗಾಳಿ ಹ್ಯಾಂಗ ಮುಚ್ಚತಾರ? ಅದನ್ನೇ ಬರೀರಿ.”

ಬರೆದಿದ್ದೇನೆ. ಏನಾಯಿತೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಆದರೆ ಆ ಸೇತುವೆ ಬಂದಾಗಲೆಲ್ಲ, ಅಲ್ಲಿ ಈಗ ಹೊಂಡವೇನೂ ಇಲ್ಲದಿದ್ದರೂ, ನಾನು ಬಲಕ್ಕೆ ಹೊರಳಿ ನಡುರಸ್ತೆಯಲ್ಲೇ ದಾಟುತ್ತೇನೆ. ಹಿಂದೆ ಲಾರಿಯವರು ಹಾರ್ನ್ ಬಾರಿಸುತ್ತಾರೆ, ಬೈಯುತ್ತಾರೆ. ಬಾರಿಸಲಿ.