ಕಿಟಕಿಯಿಂದ ಹೋದ ದೃಷ್ಟಿ

ಮಾಗಿಯ ಚಳಿಯಲ್ಲೂ ಕಿಟಕಿಯನ್ನು ಒಂದಿಷ್ಟು ತೆರೆದಿಡದೆ ನನಗೆ ನಿದ್ದೆ ಹತ್ತುವುದಿಲ್ಲ. ನಮ್ಮ ಮನೆಯವರು ಕಂಬಳಿಯೊಳಗಿಂದಲೇ ಗೊಣಗುತ್ತಾರೆ. ಗೊಣಗಲಿ, ಈ ಚಟ ನನಗೆ ಅಂಟಿಸಿದವರು ಅವರ ತಾಯಿಯೇ.

ಎಪ್ಪತ್ತರ ದಶಕದ ಕೊನೆಯಲ್ಲಿ ಚೊಚ್ಚಲ ಹೆರಿಗೆಗೆಂದು ಜಗಳೂರಿನ ತವರಿಗೆ ಬಂದಿದ್ದೆ. ಆ ಬಯಲಿನಲ್ಲಿ ಚಳಿಗಾಳಿಗೆ ತಡೆಯೇ ಇಲ್ಲ. ಬಾಣಂತಿಗೆ ಗಾಳಿ ತಾಗಿದರೆ ಸನ್ನಿ ಹಿಡಿಯುತ್ತದೆಂದು ಅವ್ವ ಕೋಣೆಗಿದ್ದ ಒಂದೇ ಕಿಟಕಿಯನ್ನು ಮುಚ್ಚಿ, ಸಂದುಗಳಿಗೆ ಹಳೆ ಸೀರೆ ತುರುಕಿ, ಮೇಲೊಂದು ಗೋಣಿಚೀಲ ಕಟ್ಟಿದ್ದಳು. ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಸಾಲದ್ದಕ್ಕೆ ಲೋಬಾನದ ಹೊಗೆ. ನನಗೆ ತಲೆ ಸುತ್ತುತ್ತಿತ್ತು. ಮಗು ಕೆಮ್ಮಿ ಕೆಮ್ಮಿ ಹಾಲು ಬಿಡುತ್ತಿತ್ತು. ನಿಜಕ್ಕೂ ಹೆದರಿದ್ದೆ. ಲೋಟ ಬೋರಲು ಹಾಕಿದರೆ ಮೋಂಬತ್ತಿ ಆರಿಹೋಗುವ ಶಾಲೆಯ ಪಾಠವನ್ನು ಅವ್ವನಿಗೆ ಒಪ್ಪಿಸಿದೆ.

"ನೀನೇನು ಮೋಂಬತ್ತಿಯೇನೇ? ಸುಮ್ನೆ ಮಲಕ್ಕೋ," ಎಂದಳು. ವಿಜ್ಞಾನ ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಮೊಮ್ಮಗನನ್ನು ನೋಡಲು ಹೊನ್ನಾಳಿಯಿಂದ ನಮ್ಮತ್ತೆ ಬಂದರು. ಕಡಕ್ ಹೆಂಗಸು, ನಾನಂತೂ ಅವರೆದುರು ಜೋರಾಗಿ ಸೀನಿದವಳೂ ಅಲ್ಲ. ಕೋಣೆಗೆ ಕಾಲಿಟ್ಟವರೇ ಕೆಮ್ಮಿದರು, ಕೂಸನ್ನು ನೋಡಿದರು, ಗೋಣಿಚೀಲವನ್ನು ನೋಡಿದರು. ಆದರೆ ಬೀಗರ ಮನೆಯಲ್ಲಿ ಬಾಣಂತನದ ತಪ್ಪು ಎತ್ತಿ ಆಡುವುದುಂಟೇ? ಆಡಿದ್ದರೆ ಎರಡು ಮನೆಗಳ ನಡುವೆ ಮಾತೇ ನಿಂತುಹೋಗುತ್ತಿತ್ತು.

"ಬೀಗತಿ, ಕೂಸಿಗೆ ಭಾರೀ ದೃಷ್ಟಿ ಆಗೈತ್ರೀ. ಒಂದು ಹಿಡಿ ಉಪ್ಪು ತರ್ರಿ," ಎಂದರು.

ಉಪ್ಪು ಬಂತು. ಅತ್ತೆ ಮಗುವಿಗೆ ನಿವಾಳಿಸಿ, ಮುಷ್ಟಿ ಬಿಗಿಹಿಡಿದು ನಿಂತರು.

"ಕಿಟಕಿ ತೆಗೀರಿ. ತೆಗೆದ ದೃಷ್ಟಿ ಹೊರಗೆ ಹೋಗಾಕೆ ದಾರಿ ಬೇಕಲ್ರೀ? ಬಾಗಿಲಾಗೆ ಹೋದ್ರೆ ಮನೆಯೆಲ್ಲಾ ಸುತ್ತತೈತೆ."

ಅವ್ವ ಹಿಂದುಮುಂದು ನೋಡದೆ ಗೋಣಿಚೀಲ ಕಿತ್ತಳು. ಉಪ್ಪು ಹೊರಗೆ ಹೋಯಿತು, ಗಾಳಿ ಒಳಗೆ ಬಂತು. ಸ್ವಲ್ಪ ಹೊತ್ತಿಗೆ ಮಗು ಕೆಮ್ಮು ಬಿಟ್ಟು ಹಾಲು ಕುಡಿಯಿತು. ನನಗೆ ಅಳುವೇ ಬಂತು.

"ದಿನಾ ಬಿಸಿಲೇರಿದ ಮ್ಯಾಲೆ ಹಿಂಗೇ ಮಾಡ್ರಿ. ಪೂರಾ ಹೋಗೋತನಕ ಮುಚ್ಚಬ್ಯಾಡ್ರಿ," ಎಂದು ಹೇಳಿ ಅತ್ತೆ ಬಸ್ಸು ಹತ್ತಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಮರುದಿನ ಅವ್ವ ತಾನಾಗಿಯೇ ಉಪ್ಪು ನಿವಾಳಿಸಿ ಕಿಟಕಿ ತೆಗೆದಳು. ಎಸೆದಾದ ಮೇಲೂ ಸರಳು ಹಿಡಿದು ನಿಂತು, ಎದೆ ತುಂಬ ಉಸಿರೆಳೆದುಕೊಂಡಳು.

"ದೃಷ್ಟಿ ಹೋತೇನವ್ವಾ?"

"ನಿಮ್ಮತ್ತೆ ಉಪಾಯ ನಂಗೆ ತಿಳೀಲಿಲ್ಲ ಅಂದ್ಕೊಂಡ್ಯಾ?" ಎಂದಳು. ಆಮೇಲೆ, ಹೊರಗೆ ನೋಡುತ್ತಲೇ, "ನಿಮ್ಮನ್ನೆಲ್ಲಾ ಹೆತ್ತಾಗ ಇಂಥದೇ ಕೋಣೇಲಿ ಹೊಗೆ ಕುಡಿದೀನಿ. ನಂಗೆ ಯಾರೂ ದೃಷ್ಟಿ ತೆಗೀಲಿಲ್ಲ ನೋಡು."

ಈಗ ಅವ್ವನೂ ಇಲ್ಲ, ಅತ್ತೆಯೂ ಇಲ್ಲ. ಕಂಬಳಿಯೊಳಗಿನ ಗೊಣಗಾಟ ಜೋರಾದರೆ ನಾನು, "ಕಿಟಕಿ ತೆಗೆದಿರ್ಲಿ ಬಿಡ್ರಿ, ನಿಮಗೆ ದೃಷ್ಟಿ ಆಗೈತೆ," ಎನ್ನುತ್ತೇನೆ. ಎಪ್ಪತ್ತು ದಾಟಿದ ನಮ್ಮ ಯಜಮಾನರು ಅದನ್ನು ನಂಬಿ, ಮೀಸೆ ನೀವಿಕೊಂಡು ಮಲಗುತ್ತಾರೆ.