ಅಣ್ಣ ಹೊತ್ತ ಮೂರು ದಿನದ ಲಾಕಪ್ಪು

ಅವನ ಎಡಗಿವಿಯ ಮೇಲೆ ಸದಾ ನಾಲ್ಕೆಳೆ ನೂಲು ಸಿಕ್ಕಿಸಿರುತ್ತಿತ್ತು. ಮಗ್ಗದಲ್ಲಿ ಎಳೆ ಹರಿದರೆ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಮದುವೆ ಮನೆಗೂ ಅವನು ಹಾಗೆಯೇ ಬರುತ್ತಿದ್ದ. ಸೇಲಂನ ನೇಕಾರರ ಬೀದಿಯವನು, ನನ್ನ ದೊಡ್ಡಪ್ಪನ ಮಗ, ನನಗೆ ಅಣ್ಣ. ಹೆಸರು ಹೇಳಲಾರೆ, ಹೇಳಿದರೆ ನನ್ನದನ್ನೂ ಹೇಳಿದಂತೆ. ಮೊದಲ ಗಂಡುಮಗುವಿಗೆ ಅಜ್ಜನ ಹೆಸರಿಡುವುದು ನಮ್ಮ ಪದ್ಧತಿ. ಅಜ್ಜನ ಇಬ್ಬರು ಮಕ್ಕಳೂ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದರು.

ಅಣ್ಣನಿಗೆ ಸಂಜೆಯ ಕಳ್ಳು ತಪ್ಪುತ್ತಿರಲಿಲ್ಲ. ನಾನೋ, ಶಾಲೆ ಮುಗಿಸಿದ ಹುರುಪಿನಲ್ಲಿ ಅದೇ ಕಳ್ಳಂಗಡಿಯ ಮುಂದೆ ಪಿಕೆಟಿಂಗ್‌ಗೆ ನಿಂತು ಮೂರು ದಿನ ಲಾಕಪ್ಪಿನಲ್ಲಿದ್ದೆ. ತಂದೆಯ ಹೆಸರು ಕೇಳಿದಾಗ, ಮನೆಯ ಯಜಮಾನನೆಂದು ಅಜ್ಜನ ಹೆಸರು ಬರೆಸಿದೆ. ಹೀಗೆ ಸರ್ಕಾರಿ ದಾಖಲೆಯಲ್ಲಿ ನನಗೆ ನಾನೇ ತಂದೆಯಾದೆ.

ಎರಡು ವರ್ಷದ ಮೇಲೆ ತಾಲ್ಲೂಕು ಕಚೇರಿಯ ಗುಮಾಸ್ತಿಕೆಗೆ ಆಯ್ಕೆಯಾದೆ. ಮನೆಯಲ್ಲಿ ಅಕ್ಷರ ಹತ್ತಿದವನು ನಾನೊಬ್ಬ; ನೇಯ್ಗೆ ಹತ್ತದವನೂ ನಾನೊಬ್ಬ. ನಡತೆ ವಿಚಾರಿಸಲು ಬಂದ ಹೆಡ್ ಕಾನ್‌ಸ್ಟೇಬಲ್, ಬೀದಿಯವರ ಬಾಯಲ್ಲಿ ಏಟ್ಟಯ್ಯ, ದಾಖಲೆಯಿಂದ ತಿಳಿಯದೆ ಈ ಹೆಸರಿನ ಇಬ್ಬರಲ್ಲಿ ಲಾಕಪ್ಪು ಕಂಡವನು ಯಾರೆಂದು ಕೇಳಿದ. ನಾನೆಂದರೆ ಕೆಲಸ ಹೋಯಿತು. ಅಣ್ಣ ಮಗ್ಗದ ಗುಂಡಿಯಿಂದಲೇ ಹೇಳಿದ:

“ನಾನೇ, ಏಟ್ಟಯ್ಯಾ. ಇವನೆಲ್ಲಿ ನಿಂತಾನು? ಪೊಲೀಸ್ ಕಂಡ್ರೆ ಒಳೀಕ್ ಓಡ್ತಾನೆ.”

ಹಿಂದಿನ ಸಂಜೆಯ ಕಳ್ಳು ಇನ್ನೂ ನಾರುತ್ತಿದ್ದ ಬಾಯಿಂದ ಬಂದ ಈ ಹೇಳಿಕೆಯನ್ನು ಘನ ಸರ್ಕಾರ ದಾಖಲಿಸಿಕೊಂಡಿತು. ಆಮೇಲೆ ನಾನು ಗೊಣಗಿದ್ದಕ್ಕೆ, “ಮಗ್ಗಕ್ಕಿಳಿಯೋಕೆ ಯಾರ್ಲಾ ನಡತೆ ಸರ್ಟಿಫಿಕೇಟು ಕೇಳ್ತಾರೆ? ಓಗು, ಆ ಗುಮಾಸ್ತ ವೇಲೆಗೆ ಸೇರ್ಕೊ,” ಎಂದ.

ಅಲ್ಲಿಂದ ಮುಂದೆ ಯಾವ ದೊರೆ ಊರಿಗೆ ಬಂದರೂ ಹಿಂದಿನ ದಿನವೇ ಅಣ್ಣನನ್ನು ಠಾಣೆಗೆ ಕರೆದು ಕೂರಿಸುತ್ತಿದ್ದರು. ಮಗ್ಗ ನಿಲ್ಲುತ್ತಿತ್ತು. ನಾನು ಕಚೇರಿಗೆ ಹೋಗುತ್ತಿದ್ದೆ.

ಕೆಲವು ವರ್ಷ ಕಳೆದು ಖಾದಿ ತೊಟ್ಟ ನಮ್ಮವರೇ ಮಂತ್ರಿಗಳಾದರು. ಎಲ್ಲಕ್ಕಿಂತ ಮೊದಲು ನಮ್ಮ ಜಿಲ್ಲೆಯ ಕಳ್ಳಂಗಡಿಗಳನ್ನೇ ಮುಚ್ಚಿಸಿದರು. ಹಳೆಯ ರಿಜಿಸ್ಟರು ತೆಗೆಸಿ, ಪಿಕೆಟಿಂಗ್ ವೀರರನ್ನು ಸನ್ಮಾನಕ್ಕೆ ಕರೆದರು. ತನ್ನ ಸಂಜೆಯ ಸುಖವನ್ನು ನಿರ್ಮೂಲ ಮಾಡಿದ ಕೀರ್ತಿಗೆ ಅಣ್ಣ ವೇದಿಕೆಯ ಮೇಲೆ ಕೊರಳೊಡ್ಡಿ ಹಾರ ಹಾಕಿಸಿಕೊಂಡ. ಬೆಂಚು ಜೋಡಿಸಲು ಕಚೇರಿಯಿಂದ ಬಂದಿದ್ದ ನಾನು ಚಪ್ಪಾಳೆ ತಟ್ಟಿದೆ. ಕೆಳಗಿಳಿದವನು ನನ್ನ ಪಕ್ಕ ನಿಂತು ಮೆಲ್ಲಗೆ ಹೇಳಿದ: “ಈ ಆರ ನಿಂದು ಕಣ್ಲಾ. ಕಳ್ ಮಾತ್ರ ನಂದೋಯ್ತು.”

ಮರುವರ್ಷ ಜ್ವರದಲ್ಲಿ ಹೋದ. ಸತ್ಯಾಗ್ರಹಿಯೆಂದು ಕೆಲವರು ಬಾವುಟ ಹೊದಿಸಿದರು. ಕಿವಿಯ ಮೇಲಿನ ನೂಲನ್ನು ಯಾರೂ ತೆಗೆದಿರಲಿಲ್ಲ. ಒಂದೆಳೆ ತೆಗೆದುಕೊಂಡೆ. ‘ಹಿಂದೆ ಬಂಧನವಾಗಿಲ್ಲ’ ಎಂದು ಮೊಹರು ಬಿದ್ದ ನನ್ನ ನಡತೆ ಪತ್ರವನ್ನು ಅದರಲ್ಲೇ ಕಟ್ಟಿಟ್ಟಿದ್ದೇನೆ.